ಪಾವಿನ ಬೆಳಗಿನ ಅಂಬಲಿ

ನಾನು ಮದುವೆಯಾಗಿ ತಮಿಳು ಸೀಮೆಯ ಅವಿನಾಶಿ ಪಕ್ಕದ ನೇಕಾರರ ಬೀದಿಗೆ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಬಂದ ಹೊಸದರಲ್ಲೇ ನನಗೆ ಮೈ ಉರಿದದ್ದು ಆ ಮನೆಯ ಕಾಫಿ ಕಂಡು. ಕಾಫಿ ಕೆಟ್ಟದಾಗಿತ್ತು ಅಂತಲ್ಲ. ಅದನ್ನು ಕಾಸುವ ಅತ್ತೆಯ ಪಾಡು ನೋಡಲಾಗುತ್ತಿರಲಿಲ್ಲ.

ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲಿಗೆ ಅಕ್ಕಿಗಂಜಿ ಕುಡಿಸಬೇಕು. ಆ ನೂಲಿಗೆ ನಮ್ಮ ಬೀದಿಯಲ್ಲಿ ಪಾವು ಅನ್ನುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತೀಡಿ, ಹರಿದ ಎಳೆಗಳನ್ನು ಕೂಡಿಸಿ, ಬಿಸಿಲು ಏರುವುದರೊಳಗೆ ಮುಗಿಸಬೇಕು. ತಡವಾದರೆ ಎಳೆಗೆ ಎಳೆ ಅಂಟಿ ಒಣಗಿ ಪಟಪಟ ಹರಿಯುತ್ತದೆ. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು. ಅವರ ಪಾವಿಗೆ ನಾವು ಹೋಗಬೇಕು, ನಮ್ಮ ಪಾವಿಗೆ ಅವರು ಬರಬೇಕು. ಬಂದವರಿಗೆಲ್ಲ ಹಾಲು ಹಾಕಿದ ಕಾಫಿ ಕೊಡುವುದು ಆ ಮನೆಯ ಮರ್ಯಾದೆ.

ಅಷ್ಟು ಜನಕ್ಕೆ ಕಾಫಿ ಅಂದರೆ ಆಟವೇ? ಹಾಲಿನವನು ಬರುವುದು ತಡ, ಸೌದೆ ಹಸಿ. ಅತ್ತೆ ಊದುಗೊಳವೆ ಹಿಡಿದು ಕೂತರೆ ಕಣ್ಣು ಕೆಂಪಾಗಿ ಮೂಗು ಸುರಿಯುತ್ತಿತ್ತು. ಹೊರಗೆ ಜನ ಕಾಫಿಗೆ ಕಾಯುತ್ತ ಹರಟುತ್ತ ನಿಂತಿರುತ್ತಿದ್ದರು. ಬೀದಿಯವರೆಲ್ಲರ ಪಾವಿನಲ್ಲೂ ಎಳೆ ಕೂಡಿಸಿದ ಹೆಂಗಸು, ತನ್ನ ಮನೆಯ ಪಾವಿನ ದಿನ ಮಾತ್ರ ಒಲೆಯ ಮುಂದೆ! ಅತ್ತೆ ಆ ಮನೆಗೆ ಕಾಲಿಟ್ಟಾಗಿನಿಂದ ಹೀಗೇ ಅಂತೆ. ಕೇಳಿ ನನಗೆ ರೇಗಿಹೋಯಿತು.

ನನ್ನ ತವರಿನವರು ಮಗ್ಗ ಬಿಟ್ಟು ಎಷ್ಟೋ ಕಾಲವಾಗಿತ್ತು. ಪೊಳ್ಳಾಚಿ ಹತ್ತಿರ ತೆಂಗಿನ ತೋಟದ ಕೆಲಸ. ಅಲ್ಲಿ ಬೆಳಗಿನ ಗಡಿಬಿಡಿಗೆ ಅಂಬಲಿಯೇ ಗತಿ. ಹಿಂದಿನ ಸಂಜೆಯೇ ರಾಗಿಹಿಟ್ಟನ್ನು ಗಂಟಿಲ್ಲದಂತೆ ಕದಡಿ, ಬೇಯಿಸಿ, ಮಡಕೆಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ಒಲೆಯ ಮುಖ ನೋಡಬೇಕಿಲ್ಲ. ನೀರುಮಜ್ಜಿಗೆ ಸುರಿದು, ಉಪ್ಪು, ಜಜ್ಜಿದ ಸಣ್ಣೀರುಳ್ಳಿ, ಕರಿಬೇವು, ಒಂದು ಹಸಿಮೆಣಸಿನಕಾಯಿ ಹಾಕಿ ಕಲಕಿದರೆ ಮುಗಿಯಿತು. ಹೊಟ್ಟೆಗೆ ಭಾರವಿಲ್ಲ, ಬೇಗ ಹಸಿವೂ ಇಲ್ಲ. ಅಂಬಲಿ ತೆಳ್ಳಗಿರಬೇಕು, ಚಮಚ ಬೇಕಾದರೆ ಅದು ಅಂಬಲಿಯೇ ಅಲ್ಲ. ಈ ವಿಷಯದಲ್ಲಿ ನಾನು ಇವತ್ತಿಗೂ ಯಾರ ಮಾತೂ ಕೇಳುವುದಿಲ್ಲ.

ನಮ್ಮ ಮುಂದಿನ ಪಾವಿಗೆ ಅದನ್ನೇ ಮಾಡಿದೆ. ಅತ್ತೆ ಬೇಡ ಬೇಡ ಅಂದರು, ನಾನು ಬಿಡಲಿಲ್ಲ. ಬೀದಿಗೆಲ್ಲ ಹಿರಿಯರಾದ ಮೂಲೆಮನೆಯ ದೊಡ್ಡವ್ವ ಲೋಟದೊಳಗೆ ಇಣುಕಿ, ಎಲ್ಲರಿಗೂ ಕೇಳುವಂತೆ ಅಂದರು:

"ಏನ್ ಮಗಾ ಇದು? ಪಾವಿಗೆ ಹಾಕೋ ಗಂಜೀನ ನಮ್ಗೇ ಹುಯ್ತೀಯಾ?"

ಎಲ್ಲರೂ ಗೊಳ್ಳೆಂದು ನಕ್ಕರು. ನೇಕಾರರ ಬೀದಿಯಲ್ಲಿ ಗಂಜಿ ಕುಡಿಯುವುದು ನೂಲು, ಮನೆಗೆ ಬಂದವರಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಆದರೂ ಸೋಲಲಿಲ್ಲ.

"ಆಮಾ, ಹೌದು ದೊಡ್ಡವ್ವ. ನೂಲಿಗೆ ಶಕ್ತಿ ಬತ್ತದೆ, ನಮ್ಗೆ ಬರಬಾರ್ದಾ? ಕುಡ್ದು ನೋಡಿ, ಆಮೇಲ್ ಬೈರಿ."

ಅವರು ಅರ್ಧ ಲೋಟ ಕುಡಿದು, ಉಳಿದದ್ದನ್ನು ಜಗುಲಿಯ ಮೇಲಿಟ್ಟು, ಕೆಲಸ ಮುಗಿದ ಮೇಲೆ ಹೇಳದೆ ಹೋದರು. ಅತ್ತೆ ಅಡುಗೆಮನೆಯಲ್ಲಿ ಕೂತು ಅತ್ತರು. "ಮಾನ ಹೋಯ್ತು ಅಮ್ಮಿಣಿ. ಇನ್ಮೇಲೆ ಯಾರ್ ಬತ್ತಾರೆ ನಮ್ ಪಾವಿಗೆ?" ಅವರ ಭಯ ಸುಳ್ಳಲ್ಲ. ಜನ ಬರದಿದ್ದರೆ ಪಾವಿಲ್ಲ, ಪಾವಿಲ್ಲದಿದ್ದರೆ ಮಗ್ಗ ನಿಂತಂತೆ.

ಆಮೇಲಿನ ಪಾವಿಗೆ ಮನೆಮನೆಗೆ ಹೋಗಿ ಕರೆಯಲು ಅತ್ತೆ ಒಪ್ಪಲಿಲ್ಲ. ನಾನೇ ಹೋದೆ. ಬರುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡವ್ವ 'ನೋಡೋಣ' ಅನ್ನುವುದನ್ನು ತಮಿಳಿನಲ್ಲಿ ಅಂದು ಒಳಗೆ ಹೋದರು. ಮನೆಮಾತಾದ ಕನ್ನಡ ಬಿಟ್ಟು ನಮ್ಮವರು ತಮಿಳಿಗೆ ತಿರುಗಿದರೆಂದರೆ ದೂರ ಇಟ್ಟರು ಅಂತಲೇ ಲೆಕ್ಕ. ನಾನು ಸಂಜೆ ಮತ್ತೆ ಅಂಬಲಿಯನ್ನೇ ಬೇಯಿಸಿಟ್ಟೆ. ಅತ್ತೆ ನನಗೆ ಹೇಳದೆ ಹಾಲು ತರಿಸಿಟ್ಟರು.

ಬೆಳಿಗ್ಗೆ ಪಾವು ಎಳೆದು ಕಟ್ಟಿದೆವು. ಮಾವ, ನನ್ನ ಗಂಡ, ನಾನು, ಅಷ್ಟೇ ಜನ. ಅತ್ತೆ ಒಳಗೆ ಒಲೆ ಊದುತ್ತಿದ್ದರು. ಮೂಡಲು ಬೆಳ್ಳಗಾಯಿತು, ಒಂದು ಬಾಗಿಲೂ ತೆರೆಯಲಿಲ್ಲ. ಗಂಜಿ ಸವರುತ್ತ ಮತ್ತೆ ಮತ್ತೆ ಬಾಗಿಲುಗಳತ್ತ ತಿರುಗಿ ನೋಡಿದೆ, ಸುಳ್ಳೇಕೆ ಹೇಳಲಿ.

ಆಗ ಮೂಲೆಮನೆಯ ಬಾಗಿಲು ತೆರೆಯಿತು. ದೊಡ್ಡವ್ವ ಬಂದರು, ಹಿಂದೆಯೇ ಒಬ್ಬೊಬ್ಬರಾಗಿ ಬೀದಿಯವರು. ಅತ್ತೆ ಕಾಫಿ ಲೋಟ ಹಿಡಿದು ಓಡಿಬಂದರು.

"ಕಾಪಿ ಯಾರ್ ಕೇಳಿದ್ರು?" ಅಂದರು ದೊಡ್ಡವ್ವ. "ದಿನಾ ಎದೆ ಉರೀತದೆ ನಂಗೆ. ಅವತ್ತು ಆ ಗಂಜಿ ಕುಡ್ದೆ ನೋಡು, ಉರೀಲೇ ಇಲ್ಲ. ಅದೆಲ್ಲಿ?"

ಅತ್ತೆ ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎಲ್ಲರೆದುರು ನನ್ನನ್ನೇ ಗದರಿದರು: "ಏನೇ ಅಮ್ಮಿಣಿ, ಮರದಂಗೆ ನಿಂತಿದೀಯಾ? ಅಂಬಲಿ ತಾ, ಹೊತ್ತಾಯ್ತು!"

ಎಲಾ ಇವರಾ! ನಗು ತಡೆದುಕೊಂಡು ಮಡಕೆಗೆ ಓಡಿದೆ. ಅಂಬಲಿ ಹೊತ್ತು ಹೊರಗೆ ಬಂದಾಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ಪಾವಿನ ಪಕ್ಕ ನಿಂತು ಎಳೆ ಕೂಡಿಸುತ್ತಿದ್ದರು. ನಾನು ಲೋಟ ಚಾಚಿದೆ.

"ಕೈಯೆಲ್ಲಾ ಗಂಜಿ, ನೀನೇ ಹುಯ್ಯಿ" ಅಂದು ತಲೆಯೆತ್ತಿ ಬಾಯಿ ತೆರೆದರು. ಹುಯ್ದೆ. ಗಟಗಟ ಕುಡಿದು, "ಉಪ್ಪು ಸಾಲ್ದು" ಅಂದು ಮುಂದಿನ ಎಳೆಗೆ ಹೋದರು.