ಬೆಂಕಿಕೈ ಅಕ್ಕ

ಹೋಟೆಲಿನ ನೆಲಮಾಳಿಗೆಯ ಇಸ್ತ್ರಿಕೋಣೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಬೆಂಕಿಕೈ ಅಕ್ಕ. ಒದ್ದೆ ಬೆರಳನ್ನು ಇಸ್ತ್ರಿಪೆಟ್ಟಿಗೆಯ ತಳಕ್ಕೆ ತಾಗಿಸಿ ಕಾವು ನೋಡುವುದು ಆ ಕೋಣೆಯ ಪದ್ಧತಿ. ಹೊಸಬರು ಸುಟ್ಟುಕೊಂಡು ಕೂಗಿದರೆ ಸೂಪರ್‌ವೈಸರ್ ಹಲ್ಲು ಕಿರಿಯುತ್ತಿದ್ದ. "ಅಕ್ಕನ್ನ ನೋಡಿ ಕಲೀರಿ" ಅನ್ನುತ್ತಿದ್ದ. ಅಕ್ಕ ಹುಬ್ಬು ಕೂಡ ಅಲುಗಿಸದೆ ಎರಡೆರಡು ಸಲ ಬೆರಳು ತಾಗಿಸಿ ತೋರಿಸುತ್ತಿದ್ದಳು. ಜಂಬ ಇತ್ತು, ಯಾಕೆ ಸುಳ್ಳು ಹೇಳಬೇಕು? ಮೊದಲ ಹದಿನೆಂಟು ವರ್ಷ ಅವಳಿಗೂ ಉರಿದಿತ್ತು, ತುಟಿ ಕಚ್ಚಿ ನುಂಗಿದ್ದಳು. ಆಮೇಲೊಂದು ದಿನ ಉರಿ ನಿಂತೇ ಹೋಯಿತು. ಅಂತೂ ಕೆಲಸ ಕೈಗೆ ಹತ್ತಿತು ಅಂದುಕೊಂಡಳು. ಈ ಭ್ರಮೆಯಲ್ಲೇ ನಾಲ್ಕು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಬಿಳಿ ಅಂಗಿಯ ಕಾಲರ್ ಒತ್ತುತ್ತಿದ್ದಾಗ ಸೀದ ವಾಸನೆ ಬಂತು. "ಯಾರ್ರೀ ಅದು ಬಟ್ಟೆ ಸುಡ್ತಿರೋದು? ಕಣ್ಣು ಎಲ್ಲಿಟ್ಟಿದ್ದೀರಾ?" ಅಂತ ಕೋಣೆಗೆಲ್ಲ ಕೇಳುವಂತೆ ಗದರಿದಳು. ಪಕ್ಕದ ಮೇಜಿನವಳು ಕಿಟಾರನೆ ಕಿರುಚಿದ ಮೇಲೆ ಕೆಳಗೆ ನೋಡಿದಳು. ಇಸ್ತ್ರಿಪೆಟ್ಟಿಗೆಯ ಅಂಚು ಕೂತಿದ್ದದ್ದು ಅವಳದೇ ಎಡಗೈಯ ಮೇಲೆ.

ಮನೆಯಲ್ಲಿ ಗಾಯ ತೊಳೆಯುತ್ತ ತಂಗಿ ಇನ್ನೊಂದನ್ನೂ ಕಂಡಳು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. "ಯಾವಾಗಿಂದ ಅಕ್ಕಾ ಇದು?" ಕೆಮ್ಮಿದರೆ ಕುತ್ತಿಗೆಯಲ್ಲಿ ಹೊಡೆಯುವ ನೋವು, ಕೈಯಿಂದ ಜಾರುವ ಲೋಟ, ಒಂದೊಂದೇ ಹೊರಬಂತು. ಬೀದಿಯ ಡಾಕ್ಟರು ಇದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿ ಶಕ್ತಿಮಾತ್ರೆ ಕೊಟ್ಟಿದ್ದರು. ತಂಗಿ ಅವಳನ್ನು ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡೇ ಹೋದಳು.

ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಕೈಮೇಲೆ ಹತ್ತಿ ಸವರಿದರು.

"ಗೊತ್ತಾಯ್ತಾ?"

"ಗೊತ್ತಾಗದೆ ಏನು, ಹತ್ತಿ."

ಆಮೇಲೆ ಎರಡು ಗಾಜಿನ ನಳಿಕೆ ತಾಗಿಸಿದರು. ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು.

"ಯಾವುದು ಬಿಸಿ?"

"ಎರಡೂ ಗಾಜು." ಅಕ್ಕ ಕಣ್ಣು ಬಿಟ್ಟು ವಾದಕ್ಕೇ ಇಳಿದಳು. "ಇದು ಇಸ್ತ್ರಿ ಹಿಡಿದ ಕೈ ಡಾಕ್ಟ್ರೇ, ಇಪ್ಪತ್ತೆರಡು ವರ್ಷದ್ದು. ದಡ್ಡುಗಟ್ಟಿದೆ, ಅಷ್ಟೇ. ಇದಕ್ಕೆ ರೋಗ ಅಂತ ಹೆಸರಿಡಬೇಡಿ."

ಡಾಕ್ಟರಮ್ಮ ಬಿಸಿ ನಳಿಕೆಯನ್ನು ಅವಳ ಹೆಗಲಿಗೆ, ಆಮೇಲೆ ಬೆನ್ನಿನ ಮೇಲ್ಭಾಗಕ್ಕೆ ತಾಗಿಸಿದರು. ಎರಡು ಕಡೆಯೂ ಬರೀ ಗಾಜು. ಕಾಲಿಗೆ ತಾಗಿಸಿದ ಕೂಡಲೇ ಅಕ್ಕ "ಅಯ್ಯೋ!" ಅಂತ ಕಾಲೆಳೆದುಕೊಂಡಳು.

"ಹೆಗಲಲ್ಲೂ ಇಸ್ತ್ರಿ ಮಾಡ್ತಿದ್ರಾ ಅಮ್ಮಾ?"

ನಾಲ್ಕು ವರ್ಷ ತಾನು ಮೆರೆಸಿದ್ದು ಕಾಯಿಲೆಯನ್ನು ಅಂತ ತಿಳಿದಾಗ ಅಕ್ಕನಿಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು.

ಎಂಆರ್‌ಐ ಚಿತ್ರದಲ್ಲಿ ಕುತ್ತಿಗೆಯ ಬೆನ್ನುಹುರಿಯ ನಡುವೆ ಉದ್ದಕ್ಕೆ ಒಂದು ಬಿಳಿ ಪಟ್ಟಿ ಕಂಡಿತು. ಅದು ನೀರು.

"ನಾನೇನು ತಪ್ಪು ಮಾಡ್ದೆ?"

"ಏನೂ ಇಲ್ಲ. ನಿಮ್ಮ ಹಿಂಮೆದುಳಿನ ತುದಿ ಹುಟ್ಟಿನಿಂದಲೇ ಸ್ವಲ್ಪ ಕೆಳಗಿಳಿದಿದೆ. ಮೆದುಳಿನ ನೀರು ಹರಿಯೋ ದಾರಿಗೆ ಅದೇ ಅಡ್ಡ. ಹೋಗೋಕೆ ಜಾಗ ಇಲ್ಲದ ನೀರು ಹುರಿಯೊಳಗೆ ತುಂಬ್ಕೊಂಡಿದೆ. ಬಿಸಿ, ನೋವಿನ ಸುದ್ದಿ ಒಯ್ಯೋ ನರಗಳು ಹುರಿಯ ನಟ್ಟನಡುವೆ ದಾಟ್ತವೆ, ಮೊದಲು ಪೆಟ್ಟು ಅವಕ್ಕೇ. ಮುಟ್ಟಿದ್ದು ತಿಳಿಸೋ ನರಗಳ ದಾರಿ ಬೇರೆ, ಅದಕ್ಕೇ ಹತ್ತಿ ಗೊತ್ತಾಯ್ತು. ಕೆಲವರಿಗೆ ಏಟು ಬಿದ್ದು, ಗಡ್ಡೆ ಬೆಳೆದು ಹೀಗಾಗೋದೂ ಉಂಟು."

"ಸರಿ, ಮುಂದೆ?"

"ತಲೆಯ ಹಿಂಭಾಗದಲ್ಲಿ ಒಂಚೂರು ಮೂಳೆ ತೆಗೆದು ನೀರಿಗೆ ದಾರಿ ಮಾಡ್ತೀವಿ. ಹೋದ ಬಿಸಿಯ ಅರಿವು ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಹಾಗೇ ಬಿಟ್ರೆ ಕೈಹಿಡಿತ ಹೋಗುತ್ತೆ, ಆಮೇಲೆ ಕಾಲು."

ತಂಗಿ ಅಲ್ಲೇ ಅಳೋಕೆ ಶುರುಮಾಡಿದಳು. "ಕೆಲಸ ಬಿಡು ಅಕ್ಕಾ. ಮನೇಲಿ ಕೂತ್ಕೋ, ನಾನಿದ್ದೀನಲ್ಲ."

"ಮನೇಲಿ ಕೂರೋದಕ್ಕಾದ್ರೆ ಕುತ್ತಿಗೆ ಯಾಕೆ ಕೊಯ್ಸಿಕೊಳ್ಳಲಿ? ಕೂರೋಕೆ ಕೈ ಬೇಕಾಗಿಲ್ಲ," ಅಂದಳು ಅಕ್ಕ. ಡಾಕ್ಟರಮ್ಮನ ಕಡೆ ತಿರುಗಿದಳು. "ಹೋಗಿದ್ದು ಹೋಯ್ತು. ಉಳಿದಿರೋ ಹಿಡಿತ ನನ್ನದು. ಅದನ್ನ ಉಳಿಸಿಕೊಡಿ, ನನ್ನ ಕೆಲಸ ನಾನು ನೋಡ್ಕೋತೀನಿ."

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಅಕ್ಕ ಇಸ್ತ್ರಿಕೋಣೆಯ ಮೆಟ್ಟಿಲಿಳಿದಳು. ಕೈಹಿಡಿತ ಇದ್ದಷ್ಟೇ ಇತ್ತು. ಬಿಸಿಯ ಅರಿವು ವಾಪಸ್ ಬಂದಿರಲಿಲ್ಲ. ಸೂಪರ್‌ವೈಸರ್ ಅಡ್ಡ ನಿಂತ.

"ಕಾವೇ ತಿಳಿಯದವಳು ಇಸ್ತ್ರಿ ಹೇಗೆ ಹಿಡೀತೀಯಮ್ಮಾ? ಆ ಮೂಲೇಲಿ ಗುಂಡಿ ಹೊಲ್ಕೊಂಡು ಕೂತ್ಕೋ."

"ಸೂಜಿ ಚುಚ್ಚಿದ್ರೂ ನಂಗೆ ಗೊತ್ತಾಗಲ್ಲ ಸಾರ್. ರಕ್ತ ನಿಮ್ಮ ಗಿರಾಕಿಗಳ ಅಂಗಿಗಾಗುತ್ತೆ, ಆಗಬಹುದಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎಡಗೈಗೆ ದಪ್ಪ ಚರ್ಮದ ಗವಸು ಏರಿಸಿದಳು, ಲೋಟದಿಂದ ಒಂದು ಹನಿ ನೀರನ್ನು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಚಿಮುಕಿಸಿದಳು. ಹನಿ ಗೋಲಿಯಂತೆ ಉರುಳಿ ಓಡಿತು. ಕಾವು ಜಾಸ್ತಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಹನಿ. ಚುಂಯ್ ಅಂದು ಅಲ್ಲೇ ಆರಿತು. ಅಂಗಿಯೊಂದನ್ನು ಒಂದು ಸುಕ್ಕೂ ಉಳಿಯದಂತೆ ಒತ್ತಿ ಅವನ ಮುಂದೆ ಹಿಡಿದಳು.

"ನಿಂಗೇನೋ ಸರಿ. ಇವರಿಗೆಲ್ಲ ಬೆರಳೇ ಸಾಕು," ಅಂದ ಅವನು.

ಆಗಲೇ ಪಕ್ಕದ ಮೇಜಿನವಳು ಬೆರಳು ತಾಗಿಸಿ ಸರಕ್ಕನೆ ಎಳೆದುಕೊಂಡಳು. ಕಣ್ಣಲ್ಲಿ ನೀರಾಡಿತು, ಬಾಯಿಂದ ಚಕಾರ ಬರಲಿಲ್ಲ. ಸೂಪರ್‌ವೈಸರ್ ನಕ್ಕ. ಅಕ್ಕ ಅವಳ ಕೈ ಹಿಡಿದು ನಲ್ಲಿಯ ಕೆಳಗಿಟ್ಟಳು. ತಣ್ಣೀರು ಇಬ್ಬರ ಕೈಮೇಲೂ ಸುರಿಯಿತು, ತಣ್ಣಗಾಗಿದ್ದು ಒಬ್ಬಳಿಗೆ ಮಾತ್ರ. ಅಕ್ಕನಿಗೆ ಹೊಟ್ಟೆಕಿಚ್ಚಾಯಿತು.

"ಯಾಕೆ ಬಾಯಿ ಮುಚ್ಕೊಂಡಿದ್ದೀ?"

"ಅಭ್ಯಾಸ ಆಗುತ್ತೆ ಅಕ್ಕಾ. ನಿಮ್ಮ ಹಾಗೆ ಆಗ್ಬೇಕು."

ಅಕ್ಕ ಬೆನ್ನು ತಿರುಗಿಸಿ ಜಡೆ ಎತ್ತಿದಳು. ತಲೆಯ ಹಿಂದಿನಿಂದ ಕುತ್ತಿಗೆಯವರೆಗೆ ಇಳಿದ ಹೊಲಿಗೆಯ ಗುರುತನ್ನು ಕೋಣೆಯವರೆಲ್ಲ ನೋಡಿದರು, ಸೂಪರ್‌ವೈಸರೂ ನೋಡಿದ.

"ನನ್ನ ಹಾಗೆ ಅಂದ್ರೆ ಇದು. ಸುಟ್ರೆ ಉರಿಯೋ ಕೈ ಇದೆಯಲ್ಲ ನಿಂಗೆ? ಕೂಗು."

"ಅಯ್ಯೋ..." ಅಂದಳು ಅವಳು, ಮೆಲ್ಲಗೆ.

"ನಂಗೆ ಕೇಳಿಸ್ಲಿಲ್ಲ."

ಕೋಣೆಯ ಆಚೆ ಮೂಲೆಗೂ ಮುಟ್ಟುವ ಹಾಗೆ ಅವಳು ಕೂಗಿದಳು. ಯಾರೂ ನಗಲಿಲ್ಲ. ಅಕ್ಕ ಎಲ್ಲ ಮೇಜಿಗೂ ಒಂದೊಂದು ಲೋಟ ನೀರು ಇಟ್ಟು ಬಂದು ಮುಂದಿನ ಅಂಗಿ ಎತ್ತಿಕೊಂಡಳು.