ಐದು ಮಿಲಿವ್ಯಾಟಿನ ಅವಸರ

ಕಾಯುವುದು ನನಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಂತವಳಲ್ಲ, ಬಸ್ಸು ಪೂರ್ತಿ ನಿಲ್ಲುವ ತನಕ ಸೀಟಿನಲ್ಲಿ ಕೂತವಳೂ ಅಲ್ಲ. ಐಟಿಐ ಮುಗಿಸಿ ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟಾಗ ಈ ಗುಣದಿಂದಲೇ ನನಗೆ ಹೆಸರು ಬಂತು. ಮನೆಮನೆಗೆ ವಿಸಿಡಿ ಪ್ಲೇಯರು ಬರುತ್ತಿದ್ದ ವರ್ಷಗಳವು. “ಮಾಲಕರು ಎಲ್ಲಿ ಅದಾರ್ರಿ?” ಎಂದು ನನ್ನನ್ನೇ ಕೇಳುತ್ತಿದ್ದ ಗಿರಾಕಿಗಳು, ಚಹಾ ಕುಡಿದು ಬರುವಷ್ಟರಲ್ಲಿ ಚಿತ್ರ ಮೂಡಿದ್ದು ಕಂಡು ಸುಮ್ಮನಾಗುತ್ತಿದ್ದರು.

ಗುಟ್ಟು ಸಣ್ಣದು. ಡಿಸ್ಕನ್ನು ಓದುವುದು ಕಾಳಿನಷ್ಟು ಸಣ್ಣ ಲೇಸರ್ ಡಯೋಡು. ಅದು ಕೂತಿರುವ ಇಡೀ ಭಾಗವನ್ನು ನಾವೆಲ್ಲ ಲೆನ್ಸ್ ಅನ್ನುತ್ತಿದ್ದೆವು. ಅದರ ಬದಿಯಲ್ಲಿ ಪ್ರೀಸೆಟ್ ಎಂಬ ಪುಟ್ಟ ತಿರುಪು. ತಿರುವಿದರೆ ಡಯೋಡಿಗೆ ಹೋಗುವ ಕರೆಂಟು ಹೆಚ್ಚುತ್ತದೆ, ಬೆಳಕು ಏರುತ್ತದೆ, ಓದದ ಡಿಸ್ಕು ಓದತೊಡಗುತ್ತದೆ. ಬೆಳಕು ಎಷ್ಟು ಏರಿತೆಂದು ಅಳೆಯುವ ಮೀಟರು ನನ್ನ ಬಳಿ ಇರಲಿಲ್ಲ; ನನಗೆ ಗೊತ್ತಿದ್ದ ಯಾರ ಬಳಿಯೂ ಇರಲಿಲ್ಲ. ಬಿಡಿಭಾಗ ಮಾರುವವರು ಕೊಟ್ಟ ಝೆರಾಕ್ಸ್ ಹಾಳೆಯಲ್ಲಿ ‘ಗರಿಷ್ಠ ಐದು ಮಿಲಿವ್ಯಾಟ್’ ಎಂದಿತ್ತು. ಐದು ಎಂದು ಬರೆದ ಮೇಲೆ ಐದೂ ಸಿಗಬೇಕು, ಕಡಿಮೆ ಕೊಟ್ಟರೆ ಡಯೋಡು ಮೈಗಳ್ಳತನ ಮಾಡುತ್ತಿದೆ ಎಂದೇ ನಾನು ತಿಳಿದಿದ್ದೆ.

ಹುಕ್ಕೇರಿಯಿಂದ ಜೈನರ ಕಾಕಾ ಒಬ್ಬರು ಬರುತ್ತಿದ್ದರು. ಬಟ್ಟೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿದ್ದವರು. ಅವರ ಹೆಂಡತಿ ಕಾಕೂ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬಸದಿಗೆ ಹೋಗುವುದು ನಿಂತು, ದಿನಾ ಬೆಳಗ್ಗೆ ವಿಸಿಡಿಯಲ್ಲಿ ಮುನಿಗಳ ಪ್ರವಚನ ಕೇಳುವುದೊಂದೇ ಅವರಿಗೆ ಉಳಿದಿತ್ತು. ಅದೂ ಕೆಟ್ಟಿತೆಂದು ಕಾಕಾ ಪ್ಲೇಯರನ್ನು ಹಳೆಯ ಚಾದರದಲ್ಲಿ ಸುತ್ತಿ ತಂದರು. ಕತ್ತಲಾದ ಮೇಲೆ ಉಣ್ಣುವವರಲ್ಲ; ಕೂರುವ ಮೊದಲೇ ಬಿಸಿಲು ನೋಡಿದರು.

“ಹೊತ್ತ ಮುಳುಗೂದ್ರಾಗ ಮನಿ ಮುಟ್ಟಿ ಊಟ ಮಾಡಬೇಕ ಯವ್ವಾ. ಲಗೂನ ಮಾಡಿ ಕೊಡು.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ತಿರುಪು ತಿರುವಿದೆ, ಚಿತ್ರ ಬಂತು. “ಕೈಗುಣ ಭಾಳ ಛಲೋ ಐತಿ ನಿಂದು,” ಎಂದು ಹರಸಿ ಹೋದರು. ಎರಡು ತಿಂಗಳಿಗೆ ಮತ್ತೆ ಬಂದರು, ಮತ್ತೆ ತಿರುವಿದೆ. ಆಮೇಲೆ ಮೂರೇ ವಾರಕ್ಕೆ ಅವರ ಫೋನು. ಪರದೆ ಬರೀ ನೀಲಿ, ಡಿಸ್ಕು ಹಾಕಿದರೂ ಇಲ್ಲವೆನ್ನುತ್ತದೆ.

“ನೀ ಇದ್ದೀ ಅಂತ ನಮಗ ಚಿಂತಿಲ್ಲ,” ಎಂದರು. ಆ ಮಾತು ನನ್ನನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ನಾನು ಸರಿಮಾಡಿ ಕಳಿಸಿ, ಮರಳಿ ಬಂದ ಪ್ಲೇಯರುಗಳು ಕಪಾಟಿನಲ್ಲಿ ಇನ್ನೂ ಇದ್ದವು. ಒಂದೊಂದಾಗಿ ಹಚ್ಚಿ ನೋಡಿದೆ. ಎಲ್ಲದರಲ್ಲೂ ಅದೇ ನೀಲಿ.

ಆ ಭಾನುವಾರ ಮೂಡಲಗಿಯ ತವರಿಗೆ ಹೋದೆ. ಅಪ್ಪ ಪಂಪಿನ ಮೋಟರು ರಿವೈಂಡಿಂಗ್ ಮಾಡುವವರು. ಊಟದ ತಾಟಿನ ಮುಂದೆಯೂ ನಾನು ಆ ಹಾಳೆ ಹಿಡಿದು ಚಡಪಡಿಸುವುದನ್ನು ಕಂಡು ಏನೆಂದು ಕೇಳಿದರು. ಎಲ್ಲ ಹೇಳಿದೆ.

“ಹಳೀ ಮೋಟರು ಜಾಸ್ತಿ ಕರೆಂಟ್ ಜಗ್ಗಾಕತ್ತಿದ್ರ ಅದಕ್ಕ ಜಡ್ಡ ಬಂದೈತಿ ಅಂತ ತಿಳೀಬೇಕು, ಶಕ್ತಿ ಬಂದೈತಿ ಅಂತಲ್ಲ,” ಎಂದರು ಅಪ್ಪ. “ಒಳಗ ಹೋದದ್ದೆಲ್ಲಾ ನೀರಾಗಿ ಹೊರಗ ಬರತೈತೇನು? ಮೋಟರಿನ ಮೈಗಿ ಕೈ ಹಚ್ಚಿ ನೋಡು, ಸುಡತೈತಿ. ಉಳದದ್ದು ಅಲ್ಲಿರತೈತಿ.”

ಊಟ ಬಿಟ್ಟು ಎದ್ದೆ. ಹಾಳೆಯನ್ನು ಮೊದಲ ಸಲ ಸಾಲುಸಾಲಾಗಿ ಓದಿದೆ. ಐದು ಮಿಲಿವ್ಯಾಟ್ ಎಂಬುದು ಹೊರಬರುವ ಬೆಳಕಿನ ಲೆಕ್ಕ. ಅದೂ ಮುಟ್ಟಬೇಕಾದ ಗುರಿಯಲ್ಲ, ದಾಟಬಾರದ ಗೆರೆ. ಒಳಗೆ ಹೋಗುವ ಲೆಕ್ಕ ಬೇರೆ: ಎರಡು ವೋಲ್ಟು, ಐವತ್ತು ಮಿಲಿಆಂಪಿಯರು, ಗುಣಿಸಿದರೆ ನೂರು ಮಿಲಿವ್ಯಾಟ್. ನೂರು ತಿಂದು ಐದನ್ನೂ ಕೊಡದ ಜೀವ ಅದು, ಮಿಕ್ಕದ್ದೆಲ್ಲ ಬಿಸಿ. ಕರೆಂಟು ಒಂದು ಹಂತ ಮುಟ್ಟುವ ತನಕ ಲೇಸರ್ ಬೆಳಕು ಹುಟ್ಟುವುದೇ ಇಲ್ಲ, ಡಯೋಡು ಬಿಸಿಯಾದಂತೆ, ಹಳತಾದಂತೆ ಆ ಹಂತವೂ ಮೇಲೇರುತ್ತದೆ. ಹೆಚ್ಚು ಉಣಿಸಿದರೆ ಹೆಚ್ಚು ಬಿಸಿ, ಬಿಸಿಯಾದಷ್ಟೂ ಅದಕ್ಕೆ ಇನ್ನಷ್ಟು ಬೇಕು. ಸೋತ ಎತ್ತನ್ನು ಬಾರುಕೋಲಿನಿಂದ ಓಡಿಸಿ, ಓಡಿತೆಂದು ಹೊಗಳಿಸಿಕೊಂಡಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ಮರುದಿನ ಅಂಗಡಿ ತೆರೆಯದೆ ಹೊಸ ಲೆನ್ಸ್ ಹಿಡಿದು ಹುಕ್ಕೇರಿ ಬಸ್ಸು ಹತ್ತಿದೆ. ಲೆನ್ಸಿನ ಆಯುಷ್ಯ ಮುಗಿದಿತ್ತು ಎನ್ನಲೋ, ನಾನೇ ಮುಗಿಸಿದೆ ಎನ್ನಲೋ? ಮೊದಲನೆಯದನ್ನು ಹೇಳಿದರೆ ಸುಳ್ಳು ಹಿಡಿಯುವವರು ಯಾರೂ ಇರಲಿಲ್ಲ. ದಾರಿಯಲ್ಲಿ ಎರಡು ಸಲ ಸೀಟು ಬದಲಿಸಿದೆ.

ಕಾಕೂ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಅವರನ್ನು ನೋಡಿದ್ದು ಅಂದೇ ಮೊದಲು. ಪ್ಲೇಯರು ಬಿಚ್ಚಿದೆ. ಹಳೆಯ ಲೆನ್ಸಿಗೆ ಕಂಪನಿಯವರು ಅಂಟಿಸಿದ್ದ ಚೀಟಿಯಲ್ಲಿ ಅದಕ್ಕೆ ಬೇಕಾದ ಕರೆಂಟು ನಲವತ್ತೆಂಟು ಮಿಲಿಆಂಪಿಯರು ಎಂದಿತ್ತು. ಮಲ್ಟಿಮೀಟರು ಹಚ್ಚಿ ಕರೆಂಟು ಅಳೆದರೆ ತೊಂಬತ್ತರ ಹತ್ತಿರ. ಹೊಸದನ್ನು ಕೂರಿಸಿ, ಕರೆಂಟು ಅದರ ಚೀಟಿಗೆ ಸರಿಯಾಗಿದೆಯೆಂದು ನೋಡಿಕೊಂಡು, ಡಿಸ್ಕು ಹಾಕಿದೆ. ಮುನಿಗಳ ದನಿ ಕೇಳಿಸಿತು.

“ನಾ ಹೇಳಿದ್ನಿಲ್ಲ, ಇಕೀ ಕೈಗುಣ,” ಎಂದು ಕಾಕಾ ಹೆಂಡತಿಯ ಕಡೆ ತಿರುಗಿದರು.

ಇನ್ನು ತಡೆಯಲಾಗಲಿಲ್ಲ. “ಕಾಕಾರ, ಅದು ತಾನಾಗಿ ಹೋಗಿದ್ದಲ್ರಿ. ಎರಡೂ ಸರತಿ ಅಳತಿ ಇಲ್ದ ಕರೆಂಟ್ ಹೆಚ್ಚು ಮಾಡಿ ನಾನ ಸುಟ್ಟೇನಿ. ಮೊದಲನೇ ಸರತಿ ಬರೇ ಧೂಳ ಕುಂತಿತ್ತೇನೋ. ಬಿಚ್ಚಿ ಒರಸಿ, ನಾಕ ದಿನ ಇಟಗೊಂಡು ನೋಡಬೇಕಿತ್ತು.”

“ಇರಲಿ ಬಿಡವ್ವಾ, ಅವಸರ ಮಾಡಿದಾಂವ ನಾನ,” ಎಂದರು ಕಾಕಾ. ನನ್ನ ಎದೆ ಹಗುರಾಯಿತು. ಆಗ ಕಾಕೂ ರಿಮೋಟು ಒತ್ತಿ ಪ್ರವಚನ ನಿಲ್ಲಿಸಿದರು.

“ಅವರಿಗೂ ಅವಸರ, ನಿನಗೂ ಅವಸರ,” ಎಂದರು. “ಇಲ್ಲಿ ಬಿದ್ದಾಕಿಗಿ ಯಾತರ ಅವಸರ ಇತ್ತವ್ವಾ? ನಾಕ ದಿನ ಅಲ್ಲ, ತಿಂಗಳರೆ ಕಾಯ್ತಿದ್ನಿ. ಒಬ್ಬರರೆ ನನ್ನ ಕೇಳಿದ್ರೇನು?”