ಥಾವರೆಪ್ಪನ ಮೇಣದ ಅಂಗಿ

ಹಳಿಯಾಳದಲ್ಲಿ ಹಾಶಿಮ ಹೊಲಿದ ಅಂಗಿಯನ್ನು ಗುರುತು ಹಿಡಿಯುವುದು ಸುಲಭವಿತ್ತು. ತೊಟ್ಟವನು ತೋಳೆತ್ತಿದರೆ ಕಂಕುಳಲ್ಲಿ ನಾಲ್ಕು ಬೆರಳಗಲದ ಸೀಳು ಕಾಣುತ್ತಿತ್ತು. ಗುಡ್ಡ ಹತ್ತುವ ಜನ ಯಾರೇ ಬಂದು ಅಂಗಿ ಹೊಲಿಸಲಿ, ಆ ಸೀಳು ಬಿಡದೆ ಅವನು ಕೊಡುತ್ತಿರಲಿಲ್ಲ.

"ಹೊಸಾ ಅಂಗೀನ ಹರದ ಕೊಡ್ತೀಯಲ್ಲೋ ಸಾಬಾ, ಇಲಿ ಸಾಕೀಯೇನು?" ಎಂದು ಜನ ನಗುತ್ತಿದ್ದರು. ಎಲ್ಲ ಮಾತಿಗೂ ಎದುರು ಮಾತು ಇಟ್ಟುಕೊಂಡಿದ್ದ ಹಾಶಿಮ ಈ ಒಂದಕ್ಕೆ ಮಾತ್ರ ತಲೆ ಬಗ್ಗಿಸಿ ಮಿಷನ್ ತುಳಿಯುತ್ತಿದ್ದ.

ಅವನ ಅಂಗಡಿಯ ಕಟ್ಟೆಯ ಮೇಲೆ ಕೂತು ನಾನು ಇಪ್ಪತ್ತೆರಡು ವರ್ಷ ಕಾಜಾ ಹೊಲಿದೆ. ಗುಂಡಿ ತೂರುವ ತೂತು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ದಾರ ಹಾಕುವ ಕೆಲಸ ಅದು. ಕೈ ಒಂದು ಕಡೆ ಇರುತ್ತದೆ, ಕಿವಿ ಬಂದವರ ಕಡೆ ಇರುತ್ತದೆ. ಆ ಸೀಳು ಯಾಕೆ ಬಂತು ಎಂದು ನನಗೆ ಗೊತ್ತು. ಅದು ಥಾವರೆಪ್ಪನಿಂದ ಬಂತು.

ಥಾವರೆಪ್ಪ ಮುಂಡಗೋಡದ ಕಡೆಯ ತಾಂಡಾದವನು. ಅವನ ಅಜ್ಜ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಇಳಿದವನಂತೆ. "ಎತ್ತು ಹೋದವು, ಉಪ್ಪು ಹೋತು, ನನಗ ಅಜ್ಜನ ಕಾಲು ಅಷ್ಟ ಬಂದಾವು" ಎಂದು ಹೇಳಿಕೊಳ್ಳುತ್ತಿದ್ದ. ಹೆಂಡತಿ ಧರ್ಮಿಬಾಯಿಯನ್ನು ಕಟ್ಟಿಕೊಂಡು ಹಳಿಯಾಳದ ಹತ್ತಿರದ ತೇರಗಾಂವಕ್ಕೆ ಬಂದು ನಿಂತಿದ್ದ. ಮಳೆಗಾಲದಲ್ಲಿ ಇಬ್ಬರೂ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ಸುಗ್ಗಿ ಮುಗಿಯುತ್ತಲೇ ಅವನು ಕಾಡಿನ ಬೆಂಕಿ ಕಾವಲಿಗೆ ಹೊರಡುತ್ತಿದ್ದ. ಕುಂಬಾರವಾಡದ ಆಚೆ ಒಂದು ಬೋಳು ಗುಡ್ಡ, ಕೆಳಗೆ ಕಣಿವೆಯಲ್ಲಿ ಗುಡಿಸಲು. ಬೆಳಿಗ್ಗೆ ಗುಡ್ಡ ಹತ್ತಿ ದಿನವಿಡೀ ನೆತ್ತಿಯ ಮೇಲೆ ಕೂತು ಎಲ್ಲಿಯಾದರೂ ಹೊಗೆ ಎದ್ದಿತೇ ಎಂದು ನೋಡಬೇಕು. ಕಂಡರೆ ಕೊಂಬು ಊದಬೇಕು. ಸಂಜೆ ಇಳಿಯಬೇಕು. ಹನ್ನೊಂದು ಬೇಸಿಗೆ ಹೀಗೆ ಕಳೆದಿದ್ದ.

ಊರಿಗೆ ಬಂದರೂ ಅವನ ಕಣ್ಣು ಮಾಡಿನ ಮೇಲೆಯೇ ಇರುತ್ತಿತ್ತು. ನಮ್ಮ ಮನೆಯ ಹೊಗೆ ನೋಡಿಯೇ, "ಕಾಶಕ್ಕಾ, ಇವತ್ತ ಹಸಿ ಮತ್ತಿ ಕಟಗಿ ಹಾಕೀದಿ, ಕಣ್ಣ ಉರೀತಾವ ನೋಡು" ಅನ್ನುತ್ತಿದ್ದ. ತಪ್ಪುತ್ತಿರಲಿಲ್ಲ.

ಅಂಗಿ ಹೊಲಿಸಿದ್ದಕ್ಕೆ ಹಿಂದಿನ ವರ್ಷ ಗುಡ್ಡದಿಂದ ಅವನನ್ನು ಹೊತ್ತು ತಂದಿದ್ದರು. ಎದೆಬೇನೆ, ಜ್ವರ, ಕೆಮ್ಮಿದರೆ ಕೆಂಪು. ಗಿಡಮೂಲಿಕೆ ಔಷಧ ಕೊಡುವ ಅಡಿವೆಯ್ಯನವರು ಇಪ್ಪತ್ತು ದಿನ ನೋಡಿಕೊಂಡು ಎಬ್ಬಿಸಿ ಕೂರಿಸಿದರು. ಎದ್ದ ದಿನ ಧರ್ಮಿಬಾಯಿಗೆ ಒಂದೇ ಮಾತು ಹೇಳಿದರಂತೆ: "ಇನ್ನೊಮ್ಮೆ ಇವನ ಎದಿಗೆ ಗಾಳಿ ಬಡೀತಂದ್ರ ನನ್ನ ಹತ್ರ ಔಷಧ ಇಲ್ಲವ್ವಾ, ತಂಗಿ."

ಹೆತ್ತ ಮಕ್ಕಳಲ್ಲಿ ಒಂದೂ ಉಳಿಯದ ಹೆಂಗಸು ಅವಳು. ಈ ಸಲ ಗುಡ್ಡ ಬೇಡ ಎಂದು ಕಾಲು ಹಿಡಿದಳು. ಅವನು ಕೇಳಲಿಲ್ಲ. "ಕೆಳಗ ಕುಂತ್ರ ಎದಿ ಉಳದೀತು, ಕಾಲು ಸಾಯ್ತಾವ" ಎಂದ. ಆಗ ಅವಳು ಅಂಗಿಯ ವಿಚಾರಕ್ಕೆ ಬಂದಳು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ, ಮಾರ್ಗಶಿರ ಮಾಸ. ಸಂತೆಯ ದಿನ ಗಂಡನನ್ನು ಮುಂದೆ ಬಿಟ್ಟುಕೊಂಡು ಅಂಗಡಿಗೆ ಬಂದಳು.

"ಹಾಶಿಮಣ್ಣಾ, ಇವ್ರಿಗೊಂದು ಅಂಗಿ ಬೇಕು. ಗಾಳಿ ಹೋಗಬಾರದು, ಮುಳ್ಳು ಹರೀಬಾರದು, ಹತ್ತೂವಾಗ ಹಿಡೀಬಾರದು."

"ಅಂಗಿ ಬೇಕೋ ಕೋಟೆಯ ಗ್ವಾಡಿ ಬೇಕೋ ತಂಗೆವ್ವಾ?" ಎಂದ ಹಾಶಿಮ. ಆದರೂ ಎದ್ದು ಒಂದೊಂದೇ ಅರಿವೆ ಕೆಳಗಿಳಿಸಿದ. ಅರಿವೆ ಪರೀಕ್ಷೆ ಮಾಡಲು ಅವನದೊಂದು ಪದ್ಧತಿ ಇತ್ತು. ಹಾಡಹಗಲೇ ಚಿಮಣಿ ದೀಪ ಹೊತ್ತಿಸಿ ಮುಂದಿಟ್ಟು, ಅರಿವೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಈಚೆಯಿಂದ ಬಾಯಿ ಹಚ್ಚಿ ಊದುತ್ತಿದ್ದ. ಆಚೆ ದೀಪ ಎಷ್ಟು ಅಲ್ಲಾಡಿತೋ ಅಷ್ಟು ಗಾಳಿ ಒಳಗೆ ಹೋಯಿತು ಎಂದು ಲೆಕ್ಕ.

ಬಿಳಿ ಹತ್ತಿಯ ಮಾದರಪಾಟದ ಆಚೆ ದೀಪ ಆರಿಯೇ ಹೋಯಿತು. ಕಂಬಳಿಯ ಆಚೆ ಕುಣಿಯಿತು. "ಕಂಬಳಿ ಬೆಚ್ಚಗಿರ್ತೈತಿ ಖರೆ, ಗಾಳಿಗೆ ಅದು ಜರಡಿ" ಎಂದು ಹಾಶಿಮ ಅದನ್ನು ಮಡಚಿದ. ದಪ್ಪ ಖಾಕಿ ಅರಿವೆ ಹಿಡಿದು ಊದಿದಾಗ ದೀಪ ಒಂದಿಷ್ಟು ನಡುಗಿ ನಿಂತಿತು.

"ಇದಾ ನೋಡು. ಹತ್ತು ವರ್ಷ ಬಾಳ್ತೈತಿ. ಕಾರಿ ಮುಳ್ಳಿಗೂ ಜಗ್ಗಂಗಿಲ್ಲ."

"ನಡುಗೀತಲ್ಲಣ್ಣಾ" ಎಂದಳು ಧರ್ಮಿಬಾಯಿ.

"ಅಷ್ಟ ನಡುಗಬೇಕವಾ. ಮನುಷ್ಯಾ ಉಸಿರಾಡಬ್ಯಾಡೇನು?"

"ಉಸಿರು ಮೂಗಿನಾಗ ಆಡ್ಲಿ. ಎದಿಗೆ ಯಾಕ ಬೇಕು?"

ಎಲ್ಲರೂ ನಕ್ಕೆವು. ಹಾಶಿಮ ತಮಾಷೆಗೆ ಹೇಳಿದ ಮಾತೇ ನಿಜವಿತ್ತು. ಆದರೆ ಅವನೂ ಅದನ್ನು ತಮಾಷೆ ಎಂದೇ ತಿಳಿದಿದ್ದ.

ಅಳತೆ ತೆಗೆದುಕೊಂಡದ್ದು ನೋಡುವ ಹಾಗಿತ್ತು. ಥಾವರೆಪ್ಪನಿಗೆ ಕೈ ಎತ್ತು ಅಂದ, ಕುಕ್ಕರಗಾಲಿನಲ್ಲಿ ಕೂರು ಅಂದ, ಕೊಂಬು ಊದಿದ ಹಾಗೆ ಮಾಡು ಅಂದ. ಕಡೆಗೆ ಅಂಗಡಿಯ ಮೆಟ್ಟಿಲನ್ನೇ ಗುಡ್ಡವೆಂದು ತಿಳಿದು ಹತ್ತಿ ಇಳಿ ಅಂದ. ಥಾವರೆಪ್ಪ ಎಂಟು ಸಲ ಹತ್ತಿ ಇಳಿದು, "ಇಲ್ಲಿಂದ ಬೆಂಕಿ ಕಾಣವಲ್ದು ಮಾಸ್ತರ, ಇನ್ನೂ ಹತ್ತಲೇನು?" ಎಂದು ಕೇಳಿದ. ಬಗ್ಗಿದರೆ ಬೆನ್ನು ಬಯಲಾಗದ ಹಾಗೆ ಉದ್ದ, ಕೊರಳಿಗೆ ಎರಡು ಬೆರಳು ಸಡಿಲ, ಮುಂಗೈಗೆ ಬಿಗಿ. ತೊಳೆದ ಮೇಲೆ ಕುಗ್ಗಬಾರದೆಂದು ಖಾಕಿ ಅರಿವೆಯನ್ನು ಮೂರು ಸಲ ನೀರಿನಲ್ಲಿ ಅದ್ದಿ ಒಣಗಿಸಿಯೇ ಕತ್ತರಿ ಹಾಕಿದ. ನಾನು ಕೊರಳಿನಿಂದ ಹೊಟ್ಟೆಯ ತನಕ ಏಳು ಕಾಜಾ ಹಾಕಿದೆ. ಅಷ್ಟು ಒತ್ತಾಗಿ ಯಾರ ಅಂಗಿಗೂ ಹಾಕಿರಲಿಲ್ಲ.

ಅಂಗಿ ಸಿದ್ಧವಾದ ದಿನ ಧರ್ಮಿಬಾಯಿ ಎಲೆಯಲ್ಲಿ ಸುತ್ತಿದ ಜೇನುಮೇಣದ ಉಂಡೆ ತಂದಳು. ಗಾಡಿಯ ಮೇಲ್ಹೊದಿಕೆಗೆ ಮೇಣ ತಿಕ್ಕುವುದನ್ನು ಅವಳು ಎಲ್ಲೋ ನೋಡಿದ್ದಳು.

"ಇದು ಗಾಡಿಗೆ ಹಚ್ಚೂದು ತಂಗೆವ್ವಾ, ಮೈಗಲ್ಲ" ಎಂದ ಹಾಶಿಮ.

"ಗಾಡಿಗೆ ಮಾಡೂವಷ್ಟು ನನ್ನ ಗಂಡಗ ಮಾಡಬಾರದೇನಣ್ಣಾ?"

ಹಾಶಿಮ ಉಂಡೆ ಕೈಗೆತ್ತಿಕೊಂಡ. ಮೇಣ ತಿಕ್ಕಿ, ಇದ್ದಲಿ ಇಸ್ತ್ರಿ ಆಡಿಸಿ, ದಾರದ ಎಳೆ ಎಳೆಗೂ ಮೇಣ ಕುಡಿಸಿದ. ಅಂಗಡಿಯೆಲ್ಲ ಜೇನಿನ ವಾಸನೆ. ಚಿಮಣಿ ಹೊತ್ತಿಸಿ ಊದಿದ. ಕೆನ್ನೆ ಉಬ್ಬಿಸಿ ಮತ್ತೆ ಊದಿದ. ದೀಪ ಗೋಡೆಗೆ ಬರೆದ ಹಾಗೆ ನಿಂತಿತ್ತು. ಧರ್ಮಿಬಾಯಿಯ ಮುಖ ನಾನು ಅಷ್ಟು ತಿಳಿಯಾಗಿ ಕಂಡದ್ದು ಅದೊಂದೇ ದಿನ.

ಗಂಡನಿಗೆ ತಾನೇ ತೊಡಿಸಿ ಏಳೂ ಗುಂಡಿ ಹಾಕಿದಳು. ಆಮೇಲೆ ಅವನ ಕೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಗುಡಿಸಲದಾಗ ಬೆಂಕಿ ಮುಂದ ಬೇಕಾದ್ರ ಬಿಚ್ಚರಿ. ಹೊರಗ, ಗಾಳ್ಯಾಗ ಒಂದು ಗುಂಡಿ ಬಿಚ್ಚಿದ್ರೂ ನನ್ನ ಆಣಿ."

ಹೇಳಿ ತಲೆವಸ್ತ್ರದ ಸೆರಗಿಗೆ ಗಂಟು ಹಾಕಿಕೊಂಡಳು. ಅವರಲ್ಲಿ ಅದು ನಡೆದುಬಂದ ರೀತಿ. ಆಣೆ ಹಾಕಿದವರೇ ಗಂಟು ಬಿಚ್ಚಿ 'ಬಿಟ್ಟೆ' ಎನ್ನಬೇಕು. ಅಲ್ಲಿಯ ತನಕ ಆಣೆ ಹಾಕಿಸಿಕೊಂಡವನು ಮುರಿದರೆ ಅದು ಹಾಕಿದವರ ಜೀವಕ್ಕೇ ತಾಗುತ್ತದೆ ಎಂದು ನಂಬಿಕೆ. ಥಾವರೆಪ್ಪ ಮೈ ನೋಡಿಕೊಂಡು, "ಆತು ಬಿಡು, ಇನ್ನ ನಾ ಗಾಡಿ" ಎಂದು ನಗುತ್ತ ಹೊರಟ.

ಹದಿನೈದು ದಿನಕ್ಕೊಮ್ಮೆ ಅವನ ಜೊತೆಯ ಕಾವಲುಗಾರ ಗೇಮಪ್ಪ ಹಿಟ್ಟು, ಮೆಣಸಿನಕಾಯಿ ಒಯ್ಯಲು ಬರುತ್ತಿದ್ದ. ಸುದ್ದಿ ಕೇಳಲು ಧರ್ಮಿಬಾಯಿ ನಮ್ಮ ಕಟ್ಟೆಗೆ ಬಂದು ಕಾಯುತ್ತಿದ್ದಳು. ಪುಷ್ಯದಲ್ಲಿ ಒಂದು ಸಂತೆಯ ದಿನ ಗೇಮಪ್ಪ ಬಂದವನೇ ನಗಾಡುತ್ತ ಕೂತ.

"ತಂಗೆವ್ವಾ, ನಿನ್ನ ಗಂಡ ಹೇಳಿ ಕಳಿಸ್ಯಾನ. ಊರಿಗೆಲ್ಲಾ ಚಳಿಗಾಲ ಐತಿ, ನನ್ನ ಅಂಗ್ಯಾಗ ಅಷ್ಟ ಮಳಿಗಾಲ ಅಂತ. ಮ್ಯಾಲಿನ ಮೂರ ಗುಂಡಿಗೆ ಆಣಿ ಬಿಡಬೇಕಂತ."

"ಅರೆ ವಾ, ಮೂರ ಗುಂಡಿಗೆ ಅರ್ಜಿ ಹಾಕ್ಯಾನ!" ಎಂದು ಹಾಶಿಮ ಮಿಷನ್ ನಿಲ್ಲಿಸಿ ನಕ್ಕ.

"ಕೆಮ್ಮು ಐತೇನು?" ಎಂದಳು ಧರ್ಮಿಬಾಯಿ.

"ಇಲ್ಲ. ಇನ್ನೂ ಇಲ್ಲ."

"ಹಂಗಾದ್ರ ಅಂಗಿ ಕೆಲಸ ಮಾಡಾಕತ್ತೈತಿ. ಒಂದೂ ಬಿಡಂಗಿಲ್ಲ ಅನ್ನಣ್ಣಾ. ಇವತ್ತ ಮೂರ ಗುಂಡಿ ಅಂತಾರ, ನಾಳೆ ಅಂಗೀನ ಗಿಡಕ್ಕ ತೂಗಹಾಕ್ತಾರ." ಹೇಳುತ್ತ ಸೆರಗಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಇನ್ನಷ್ಟು ಬಿಗಿ ಎಳೆದಳು.

ನಾನೂ ನಗುತ್ತಿದ್ದೆ. ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ಕೈ ನನ್ನದು. ಬಿಸಿ ರೊಟ್ಟಿಯನ್ನು ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ಅದು ತನ್ನ ಬಿಸಿಗೆ ತಾನೇ ಬೆವರುತ್ತದೆ, ಬೆವತದ್ದು ತಣ್ಣಗಾದರೆ ಕೆಡುತ್ತದೆ ಎಂದು ನನ್ನ ಕೈಗೆ ಗೊತ್ತಿತ್ತು. ಆದರೆ ಆ ಹೊತ್ತು ಕೈಗೆ ಗೊತ್ತಿದ್ದದ್ದು ತಲೆಗೆ ಹತ್ತಲಿಲ್ಲ. ಗೇಮಪ್ಪ 'ಇನ್ನೂ ಇಲ್ಲ' ಅಂದದ್ದನ್ನು ಕಿವಿ ಕೇಳಿತು. ಕೇಳಿ ಬಿಟ್ಟುಬಿಟ್ಟಿತು.

ಮಾಘದಲ್ಲಿ ಗೇಮಪ್ಪ ಬರುವ ದಿನವಲ್ಲದ ದಿನ ಬಂದ. ಅಂಗಡಿಗೆ ಬರಲಿಲ್ಲ, ನೇರ ತೇರಗಾಂವಕ್ಕೆ ಹೋದ. ಥಾವರೆಪ್ಪನಿಗೆ ಜ್ವರ ಬಂದು ಕುಂಬಾರವಾಡದಲ್ಲಿ ಒಬ್ಬರ ಪಡಸಾಲೆಯಲ್ಲಿ ಮಲಗಿಸಿದ್ದರು. ಧರ್ಮಿಬಾಯಿ ಎರಡು ದಿನದ ದಾರಿಯನ್ನು ನಿಲ್ಲದೆ ನಡೆದಳು. ಅವಳು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡುವುದಕ್ಕೆ ಅವಳ ದಾರಿ ಕಾಯುತ್ತಿದ್ದರು.

ಸತ್ತವನ ದಿನಕರ್ಮ ಮುಗಿದ ಮೇಲೆ ಅವಳು ಅಂಗಡಿಗೆ ಬಂದಳು. ಹಿಂದೆ ಗೇಮಪ್ಪನಿದ್ದ. ಕಂಕುಳಲ್ಲಿದ್ದ ಅಂಗಿಯನ್ನು ಹಾಶಿಮನ ಮುಂದೆ ಇಟ್ಟಳು. ಅಳಲಿಲ್ಲ.

"ಊದಿ ನೋಡಣ್ಣಾ. ಎಲ್ಲಿ ಗಾಳಿ ಹೊಕ್ತು ಅಂತ ನನಗ ತೋರ್ಸು."

ಹಾಶಿಮ ಚಿಮಣಿ ಹೊತ್ತಿಸಿದ. ಎದೆಯ ಭಾಗ ಹಿಡಿದು ಊದಿದ, ಬೆನ್ನಿನದು ಊದಿದ, ತೋಳು ಊದಿದ. ದೀಪ ಮಿಸುಕಲಿಲ್ಲ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ನನ್ನ ಏಳು ಕಾಜಾ ಏಳೂ ಗಟ್ಟಿ ಇದ್ದವು.

"ಹೊಕ್ಕಿಲ್ಲ ತಂಗೆವ್ವಾ."

"ಹಂಗಾದ್ರ ಹೆಂಗಾತು?"

ಹಾಶಿಮ ಅಂಗಿಯನ್ನು ಒಳಮೈ ಹೊರಗೆ ಮಾಡಿದ. ಎದೆಯ ಮೇಲೆ, ಬೆನ್ನಿನ ಮೇಲೆ ಬಿಳಿಯ ಗೆರೆಗಳು ಒಂದರ ಮೇಲೊಂದು ಒಣಗಿದ್ದವು. ಬೆವರಿನ ಉಪ್ಪು. ಅಜ್ಜ ಎತ್ತಿನ ಮೇಲೆ ಹೇರಿದ ಉಪ್ಪನ್ನು ಮೊಮ್ಮಗ ಮೈಮೇಲೆ ಹೊತ್ತಿದ್ದ.

ಗೇಮಪ್ಪ ನೆಲ ನೋಡುತ್ತ ಹೇಳಿದ: "ಗಾಳಿ ಅಲ್ಲವ್ವಾ, ನೀರು. ಗುಡ್ಡ ಹತ್ತಿ ಮುಗಸೂತನಕ ತೋಯ್ದು ತೊಪ್ಪಡಿ ಆಗ್ತಿದ್ದ. ಆ ಒದ್ದಿ ಹೊರಗ ಹೋಗಾಕ ಹಾದೀನ ಇಲ್ಲ. ಮ್ಯಾಲ ಹೋಗಿ ಕುಂತ್ರ ಅದ ನೀರು ತಣ್ಣಗಾಗಿ ಎದಿಗೆ ಹತ್ತತಿತ್ತು. ಹೊತ್ತ ಮುಳಗೂತನಕ. ನಾ ಅಂದೆ, ಬಿಚ್ಚೋ ಮಾರಾಯಾ, ಅಕಿ ಇಲ್ಲಿ ನೋಡಾಕ ಬರ್ತಾಳೇನು ಅಂತ. 'ಗುಂಡಿ ನನ್ನ ಅಂಗಿಗೈತಿ ಗೇಮಾ, ಗಂಟು ಅಕಿ ಸೆರಗಿಗೈತಿ' ಅಂದ."

ಬೀದಿಯಲ್ಲಿ ಸಂತೆಯ ಗದ್ದಲ ನಡೆದೇ ಇತ್ತು.

"ಕೇಳಿ ಕಳಿಸಿದ್ರು" ಎಂದಳು ಧರ್ಮಿಬಾಯಿ. "ಬರೇ ಮೂರ ಗುಂಡಿ ಕೇಳಿದ್ರು."

"ತಪ್ಪು ನಂದು ಬೆಹೆನ್. ಮೇಣ ಕುಡಿಸಿದ ಕೈ ಇದು" ಎಂದ ಹಾಶಿಮ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗಿನ ತುದಿ ಹುಡುಕಿದಳು. ಗಂಟು ಹಾಗೆಯೇ ಇತ್ತು. ಅದರ ಕಡೆ ಅವಳಿಗೆ ಅಷ್ಟು ದಿನ ಲಕ್ಷ್ಯವಿರಲಿಲ್ಲವೋ, ಇದ್ದೂ ಮುಟ್ಟಿರಲಿಲ್ಲವೋ, ನಾನು ಕೇಳಲಿಲ್ಲ. ಉಗುರಿನಿಂದ ಬಿಚ್ಚಲು ನೋಡಿದಳು, ಬಿಚ್ಚಲಿಲ್ಲ. ಹಲ್ಲು ಹಚ್ಚಿದಳು, ಬಿಚ್ಚಲಿಲ್ಲ. ಹಲ್ಲಿನಲ್ಲಿ ಎಳೆದು ಬಿಗಿ ಮಾಡಿದವಳೂ ಅವಳೇ.

ಹಾಶಿಮ ಕತ್ತರಿ ಮುಂದೆ ಮಾಡಿದ. ಅವಳು ತಲೆ ಅಲ್ಲಾಡಿಸಿದಳು. ಕತ್ತರಿಸಿದರೆ ಬಿಚ್ಚಿದ ಹಾಗಾಗುವುದಿಲ್ಲ.

ನಾನು ಕಟ್ಟೆಯಿಂದ ಇಳಿದು ಅವಳ ಹತ್ತಿರ ಕೂತೆ. ಕಾಜಾ ಹಾಕುವ ಸೂಜಿಯ ಮೊನೆಯನ್ನು ಗಂಟಿನ ನಡುವೆ ತೂರಿಸಿ ಒಂದೊಂದೇ ಎಳೆ ಸಡಿಲ ಮಾಡಿದೆ. ಚಿಮಣಿಯ ದೀಪವನ್ನು ಯಾರೂ ಆರಿಸಿರಲಿಲ್ಲ, ಅದು ಹಗಲಿನಲ್ಲಿ ಸುಮ್ಮನೆ ಉರಿಯುತ್ತಿತ್ತು. ಗಂಟು ಅರ್ಧ ಬಿಟ್ಟಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಉಳಿದದ್ದನ್ನು ತಾನೇ ಬಿಚ್ಚಿದಳು. ಸೆರಗು ಸುಕ್ಕುಸುಕ್ಕಾಗಿ ತೆರೆದುಕೊಂಡಿತು.

"ಬಿಟ್ಟೆ" ಎಂದಳು.

ಆಮೇಲೆ ಅಂಗಿಯನ್ನು ಮತ್ತೆ ಸರಿಮೈ ಮಾಡಿ ಮುಂದೆ ಹರವಿದಳು. ಹಾಕಿದ್ದ ಗುಂಡಿಗಳನ್ನು ಕೊರಳಿನಿಂದ ಶುರು ಮಾಡಿ ಒಂದು, ಎರಡು, ಮೂರು ಬಿಚ್ಚಿದಳು. ಉಳಿದ ನಾಲ್ಕನ್ನು ಹಾಗೆಯೇ ಬಿಟ್ಟು, ಅಂಗಿ ಮಡಚಿಕೊಂಡು ಎದ್ದು ಹೋದಳು.